ಮುಟ್ಟು 12 ದಿನ ತಡವಾಗಿದೆ, ಮದುವೆಯಾಗಿಲ್ಲ. ಪರೀಕ್ಷೆ ಹೇಗೆ ಮಾಡಿಕೊಳ್ಳಲಿ, ಯಾರ ಬಳಿ ಹೋಗಲಿ?

ನಿಮಗೆ 23 ವರ್ಷ, ಬೆಂಗಳೂರಿನ ಪಿಜಿಯಲ್ಲಿದ್ದೀರಿ, ಪ್ರತಿ 28 ದಿನಕ್ಕೆ ತಪ್ಪದೆ ಆಗುತ್ತಿದ್ದ ಮುಟ್ಟು ಈ ಬಾರಿ ಬಂದಿಲ್ಲ ಎಂದು ಬರೆದಿದ್ದೀರಿ. ಪಕ್ಕದ ಔಷಧಿ ಅಂಗಡಿಯವರಿಗೆ ನಿಮ್ಮ ಮುಖ ಗೊತ್ತು, ಆಸ್ಪತ್ರೆಗೆ ಹೋದರೆ ಗಂಡನ ಹೆಸರು ಕೇಳುತ್ತಾರೆ, ಊರಿನಲ್ಲಿರುವ ಅಮ್ಮನಿಗೆ ಸುದ್ದಿ ಮುಟ್ಟುತ್ತದೆ ಎಂಬ ಹೆದರಿಕೆಯೂ ಪ್ರಶ್ನೆಯಲ್ಲೇ ಇದೆ. ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಬಹುಕಾಲ ಶುಶ್ರೂಷಕಿಯಾಗಿದ್ದವಳು ನಾನು. ಆ ಹೆದರಿಕೆಗೆ ಮೊದಲು ಉತ್ತರಿಸುತ್ತೇನೆ: ನಿಮಗೆ 18 ತುಂಬಿದೆ. ಮುಂದೆ ಏನೇ ನಿರ್ಧರಿಸಿದರೂ ಕಾನೂನಿಗೆ ನಿಮ್ಮೊಬ್ಬರ ಸಹಿ ಸಾಕು. ಅಪ್ಪ-ಅಮ್ಮನದೂ ಬೇಡ, ಆ ಹುಡುಗನದೂ ಬೇಡ.

ಪರೀಕ್ಷೆಯನ್ನು ನಾಳೆ ಬೆಳಿಗ್ಗೆಯೇ ಮಾಡಿಕೊಳ್ಳಿ. ಕಿಟ್‌ಗೆ ವೈದ್ಯರ ಚೀಟಿ ಬೇಡ, ಯಾವ ಔಷಧಿ ಅಂಗಡಿಯಲ್ಲಾದರೂ ಕೊಡುತ್ತಾರೆ. ಪಕ್ಕದ ಅಂಗಡಿ ಬೇಡವೆನಿಸಿದರೆ ಕಚೇರಿಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಬಸ್ಸಿಳಿದು ಕೊಳ್ಳಿ. ಎದ್ದ ಕೂಡಲೇ ಹೋಗುವ ಮೊದಲ ಮೂತ್ರವನ್ನು ಶುಭ್ರವಾದ, ಒಣಗಿದ ಲೋಟದಲ್ಲಿ ಹಿಡಿಯಿರಿ. ರಾತ್ರಿಯಿಡೀ ಕಟ್ಟಿದ ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಗಾಢವಾಗಿರುತ್ತದೆ, ಕಿಟ್ ಹುಡುಕುವುದು ಅದನ್ನೇ. ಕಿಟ್‌ನ ಜೊತೆಗಿರುವ ಚಿಕ್ಕ ಡ್ರಾಪರ್‌ನಿಂದ, ‘ಎಸ್’ ಎಂದು ಬರೆದ ಚಿಕ್ಕ ಕುಳಿಯೊಳಗೆ, ಪೊಟ್ಟಣದ ಮೇಲೆ ಹೇಳಿದಷ್ಟು ಹನಿ ಬಿಟ್ಟು, ಸಮತಟ್ಟಾದ ಜಾಗದಲ್ಲಿಟ್ಟು ಐದು ನಿಮಿಷ ಕಾಯಿರಿ. ‘ಸಿ’ ಎಂಬಲ್ಲಿ ಗೆರೆ ಮೂಡಲೇಬೇಕು, ಮೂಡದಿದ್ದರೆ ಕಿಟ್ ಕೆಟ್ಟಿದೆ, ಇನ್ನೊಂದು ತನ್ನಿ. ‘ಟಿ’ಯಲ್ಲೂ ಗೆರೆ ಬಂದರೆ, ಅದು ಎಷ್ಟೇ ಮಸುಕಾಗಿರಲಿ, ಬಸಿರು ನಿಂತಿದೆ ಎಂದೇ ತಿಳಿಯಬೇಕು. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ತೆಗೆದು ಮತ್ತೆ ನೋಡಬೇಡಿ. ಒಣಗಿದ ಮೇಲೆ ಕಾಣುವ ಬೂದು ಗೆರೆಗೆ ಅರ್ಥವಿಲ್ಲ.

ಒಂದೇ ಗೆರೆ ಬಂದರೆ ವಾರದೊಳಗೆ ಇನ್ನೊಮ್ಮೆ ನೋಡಿ. ಆಗಲೂ ಒಂದೇ ಇದ್ದು ಮುಟ್ಟು ಬಾರದಿದ್ದರೆ ಥೈರಾಯ್ಡ್, ಪಿಸಿಒಡಿ ಎಂಬ ಅಂಡಾಶಯದ ತೊಂದರೆ, ಮನಸ್ಸಿನ ಒತ್ತಡ ಹೀಗೆ ಬೇರೆ ಕಾರಣಗಳಿರುತ್ತವೆ. ಅದಕ್ಕೂ ವೈದ್ಯರನ್ನು ಕಾಣಬೇಕು.

ಎರಡು ಗೆರೆ ಬಂದರೆ ಮೊದಲು ಕ್ಯಾಲೆಂಡರ್ ತೆಗೆಯಿರಿ. ಕಳೆದ ಮುಟ್ಟಿನ ಮೊದಲ ದಿನದ ತಾರೀಖನ್ನು ಒಂದು ಚೀಟಿಯಲ್ಲಿ ಬರೆಯಿರಿ. ನಿಮ್ಮ ಲೆಕ್ಕದಲ್ಲಿ ಅಂದಿನಿಂದ ಇಂದಿಗೆ 28 ಮತ್ತು 12, ಒಟ್ಟು 40 ದಿನ. ಅಂದರೆ ಐದು ವಾರ ಐದು ದಿನ. ವೈದ್ಯರು ಎಣಿಸುವುದು ಹೀಗೆ, ಕೂಡಿದ ದಿನದಿಂದಲ್ಲ. ಮಾತ್ರೆಯಿಂದಲೇ ಗರ್ಭಪಾತ ಮಾಡಿಸಲು ನಮ್ಮಲ್ಲಿ ಒಂಬತ್ತು ವಾರದವರೆಗೆ, ಅಂದರೆ 63 ದಿನದವರೆಗೆ ಅವಕಾಶವಿದೆ. ನಿಮಗೆ ಯೋಚಿಸಲು ಸಮಯವಿದೆ, ಸುಮ್ಮನೆ ಕೂರಲು ಮಾತ್ರ ಇಲ್ಲ. ಪಪ್ಪಾಯಿ, ಎಳ್ಳು-ಬೆಲ್ಲ, ಕಷಾಯ ಎಂದು ಗೆಳತಿಯರು ಹೇಳಿದ್ದನ್ನೆಲ್ಲ ನಂಬಿ ಎರಡು ತಿಂಗಳು ಕಳೆದ ಮೇಲೆ ಬಂದವರನ್ನು ಕಂಡು ನನ್ನ ಹೊಟ್ಟೆ ಉರಿದಿದೆ. 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಯೂ ಈಗ ಉಪಯೋಗಕ್ಕಿಲ್ಲ. ಅದು ಬಸಿರಾಗದಂತೆ ತಡೆಯುತ್ತದೆ, ನಿಂತ ಬಸಿರನ್ನು ತೆಗೆಯುವುದಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಗರ್ಭಪಾತದ ಮಾತ್ರೆಯನ್ನು ಅಂಗಡಿಯಲ್ಲಿ ಗುಟ್ಟಾಗಿ ಕೊಂಡು ಕೋಣೆಯಲ್ಲಿ ಒಬ್ಬರೇ ನುಂಗಬೇಡಿ. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಒಳ್ಳೆಯ ಔಷಧಿಗಳೇ, ಸರಿಯಾಗಿ ಕೊಟ್ಟರೆ ಸುರಕ್ಷಿತವೇ. ಆದರೆ ಗರ್ಭ ಕೆಲವೊಮ್ಮೆ ಗರ್ಭಕೋಶದ ಬದಲು ಅಂಡನಾಳದಲ್ಲಿ ಬೆಳೆಯುತ್ತದೆ. ಆಗ ಈ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಮೂತ್ರದ ಕಿಟ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ವೈದ್ಯರ ತಪಾಸಣೆಯಲ್ಲಿ, ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಜೋರಾದ ನೋವು, ತಲೆ ಸುತ್ತಿ ಬೀಳುವುದು, ಭುಜದ ತುದಿಯಲ್ಲಿ ನೋವು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಕಾನೂನಿನ ವಿಷಯ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಯಿತು. ಗರ್ಭನಿರೋಧಕ ವಿಫಲವಾದ ಸಂದರ್ಭದ ಬಗ್ಗೆ ಹೇಳುವಲ್ಲಿ ಹಿಂದೆ ‘ವಿವಾಹಿತೆ’ ಮತ್ತು ‘ಆಕೆಯ ಪತಿ’ ಎಂದಿತ್ತು. ಈಗ ‘ಮಹಿಳೆ’ ಮತ್ತು ‘ಆಕೆಯ ಸಂಗಾತಿ’ ಎಂದಿದೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಆ ಅವಕಾಶ ಅವಿವಾಹಿತೆಯರಿಗೂ ಇದೆ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಗರ್ಭಪಾತ ಮಾಡಿಸಿಕೊಂಡವಳ ಹೆಸರು, ವಿವರವನ್ನು ಕಾನೂನು ಅನುಮತಿಸಿದವರಿಗಲ್ಲದೆ ಬೇರೆಯವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ನಿಮ್ಮ ಕೈಗೆ ಕೊಡುವ ಒಪ್ಪಿಗೆಯ ‘ಫಾರಂ ಸಿ’ಯನ್ನು ಓದಿ ನೋಡಿ. ನಿಮ್ಮ ಹೆಸರು, ವಯಸ್ಸು, ವಿಳಾಸ, ಇಂಥವರ ಮಗಳು ಅಥವಾ ಹೆಂಡತಿ ಎಂಬ ವಿವರ, ಕೊನೆಗೆ ನಿಮ್ಮ ಸಹಿ. ಗಂಡ ಸಹಿ ಹಾಕಲು ಅದರಲ್ಲಿ ಜಾಗವೇ ಇಲ್ಲ. ಹೀಗಿದ್ದೂ ಕೆಲವೆಡೆ ‘ಮನೆಯವರನ್ನು ಕರೆದುಕೊಂಡು ಬಾ’ ಎನ್ನುತ್ತಾರೆ. ಅದು ನಿಯಮವಲ್ಲ, ಅನ್ಯಾಯ. ವಾದಿಸುವ ಶಕ್ತಿ ನಿಮ್ಮಲ್ಲಿಲ್ಲದಿದ್ದರೆ ಎದ್ದು ಬೇರೆ ಆಸ್ಪತ್ರೆಗೆ ಹೋಗಿ.

ಸ್ಕ್ಯಾನಿಂಗ್ ಕೋಣೆಯಲ್ಲಿ ಗುರುತಿನ ಚೀಟಿ ಕೇಳಿ, ಫಾರಂ ತುಂಬಿಸಿಕೊಂಡಾಗ ಗಾಬರಿಯಾಗಬೇಡಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾನೂನಿನ ಪ್ರಕಾರ ಗರ್ಭಿಣಿಯರೆಲ್ಲರೂ, ಮದುವೆಯಾಗಿ ಹತ್ತು ವರ್ಷವಾದವರೂ, ಅದನ್ನು ತುಂಬಲೇಬೇಕು.

ಬೇಡವೆಂದೇ ನಿರ್ಧರಿಸಬೇಕು ಎಂದು ನಾನು ಹೇಳುತ್ತಿಲ್ಲ. ಮುಂದುವರಿಸುವ ಮನಸ್ಸಿದ್ದರೆ ವೈದ್ಯರನ್ನು ಕೇಳಿ ಫೋಲಿಕ್ ಆಸಿಡ್ ಮಾತ್ರೆಯನ್ನು ಈಗಲೇ ಶುರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿ. ಒಬ್ಬಂಟಿ ತಾಯಿ ಮಗುವಿನ ಜನನ ಪ್ರಮಾಣಪತ್ರಕ್ಕೆ ತಂದೆಯ ಹೆಸರು ಹೇಳಲೇಬೇಕಿಲ್ಲ, ಪ್ರಮಾಣಪತ್ರ ಕೊಡಲು ಆಕೆಯ ಅಫಿಡವಿಟ್ ಸಾಕು ಎಂದು 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆತ್ತು ದತ್ತು ಕೊಡಬೇಕೆಂದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಅವಿವಾಹಿತ ತಾಯಿಯ ಸಹಿಯೊಂದೇ ಅದಕ್ಕೂ ಸಾಕು, ಮನಸ್ಸು ಬದಲಾದರೆ ಮಗುವನ್ನು ಮರಳಿ ಪಡೆಯಲು ಎರಡು ತಿಂಗಳ ಅವಧಿಯೂ ಇದೆ. ‘ನನಗೆ ಗೊತ್ತಿರುವ ಒಳ್ಳೆಯ ದಂಪತಿ ಇದ್ದಾರೆ, ನೇರವಾಗಿ ಕೊಟ್ಟುಬಿಡು, ಖರ್ಚು ಅವರೇ ನೋಡಿಕೊಳ್ಳುತ್ತಾರೆ’ ಎಂದು ಯಾರಾದರೂ ಹತ್ತಿರ ಬಂದರೆ ದೂರವಿಡಿ. ಅದು ಮಗುವಿನ ಮಾರಾಟ, ಸಿಕ್ಕಿಬಿದ್ದರೆ ನೀವೂ ಆರೋಪಿ.

ಆ ಹುಡುಗನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಅವನು ಒಳ್ಳೆಯವನೆಂದು ನಿಮಗನಿಸಿದರೆ ಹೇಳಿ, ಜೊತೆಗೆ ಬರಲಿ. ಸಿಟ್ಟಾಗುತ್ತಾನೆ, ಹೊಡೆಯುತ್ತಾನೆ, ಚಿತ್ರ ಹಂಚುತ್ತೇನೆಂದು ಬೆದರಿಸುತ್ತಾನೆ ಎಂಬ ಅಳುಕಿದ್ದರೆ ಹೇಳಲೇಬೇಕೆಂದಿಲ್ಲ. ಬೆದರಿಕೆ ಬಂದರೆ ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಇದು ನಿಮ್ಮ ಒಪ್ಪಿಗೆಯಿಲ್ಲದೆ ನಡೆದದ್ದಾದರೆ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಕಾನೂನು ನೆರವು ಎರಡಕ್ಕೂ ದಾರಿ ಮಾಡಿಕೊಡುತ್ತಾರೆ. ರಾತ್ರಿ ನಿದ್ದೆ ಬಾರದೆ, ಸಾಯಬೇಕೆನಿಸಿದರೆ ಆ ಗಳಿಗೆಯಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಬೆಂಗಳೂರಿನಲ್ಲಿ ವಾಣಿ ವಿಲಾಸ, ಶಿವಾಜಿನಗರದ ಘೋಷಾ ಎರಡೂ ಸರ್ಕಾರಿ ಆಸ್ಪತ್ರೆಗಳೇ. ಬೆಳಿಗ್ಗೆ ಬೇಗ ಹೊರಟು, ಹೊಟ್ಟೆಗೆ ಏನಾದರೂ ತಿಂದು, ನಂಬಿಕೆಯ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ. ಸಾಲಿನಲ್ಲಿ ನಿಂತು ಎಲ್ಲರೆದುರು ಕತೆಯೆಲ್ಲ ಹೇಳಬೇಕಿಲ್ಲ. ‘ಮುಟ್ಟು ನಿಂತಿದೆ, ಸ್ತ್ರೀರೋಗ ವೈದ್ಯರನ್ನು ನೋಡಬೇಕು’ ಎಂದಷ್ಟೇ ಹೇಳಿ ಚೀಟಿ ಮಾಡಿಸಿ, ಉಳಿದದ್ದನ್ನು ಒಳಗೆ ವೈದ್ಯರಿಗೆ ಹೇಳಿ. ಕಿಟ್‌ನಲ್ಲಿ ಏನು ಬಂತೆಂದು ನಾಳೆ ಇಲ್ಲಿಯೇ ಬರೆಯಿರಿ, ಮುಂದಿನದನ್ನು ವಿವರವಾಗಿ ತಿಳಿಸುತ್ತೇನೆ.