ಅಯಸ್ಕಾಂತದ ಬಳಿ ಸೂಜಿ ಹಿಡಿಯುವುದು ಹೇಗೆ?

ಪ್ರಶ್ನೆ: ನನ್ನ ತಂಗಿ ಐದು ತಿಂಗಳ ಗರ್ಭಿಣಿ. ಯಕೃತ್ತಿನ ಮೇಲ್ಭಾಗದಲ್ಲಿ, ವಪೆಗೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಅಂಟಿಕೊಂಡಂತೆ ಕೀವು ಕಟ್ಟಿದೆ. ಅಲ್ಟ್ರಾಸೌಂಡ್‌ನಲ್ಲಿ ಸರಿಯಾಗಿ ಕಾಣುತ್ತಿಲ್ಲವಂತೆ. ಎಂಆರ್‌ಐ ನೋಡಿಕೊಂಡೇ ಸೂಜಿ ಹಾಕಿ ಕೀವು ತೆಗೆಯುತ್ತೇವೆ ಎನ್ನುತ್ತಾರೆ ವೈದ್ಯರು. ಆ ಕೋಣೆಗೆ ಲೋಹ ಒಯ್ಯಬಾರದಲ್ಲವೇ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಮಾಮೂಲಿ ಉಕ್ಕಿನ ಸೂಜಿಯನ್ನು ಎಂಆರ್‌ಐ ಯಂತ್ರದ ಅಯಸ್ಕಾಂತ ಸೆಳೆಯಬಹುದು, ಚಿತ್ರವೂ ಕೆಡುತ್ತದೆ. ಅದಕ್ಕೆಂದೇ ಟೈಟಾನಿಯಂ ಅಥವಾ ನಿಕ್ಕಲ್-ಟೈಟಾನಿಯಂ ಮಿಶ್ರಲೋಹದ ಸೂಜಿಗಳಿವೆ. ಚಿತ್ರದಲ್ಲಿ ಕಾಣುವುದು ಸೂಜಿಯಲ್ಲ, ಅದರ ಸುತ್ತ ಮೂಡುವ ಕಪ್ಪು ನೆರಳು. ಸೂಜಿ ಕಾಂತಕ್ಷೇತ್ರದ ದಿಕ್ಕಿನಲ್ಲೇ ಇದ್ದರೆ ನೆರಳು ದಾರದ ಎಳೆಯಷ್ಟು ತೆಳು. ಅಡ್ಡ ತಿರುಗಿದಂತೆಲ್ಲ ಅದು ದಪ್ಪವಾಗಿ, ಮೊನೆ ಎಲ್ಲಿದೆ ಎಂಬುದೇ ಮಸುಕಾಗುತ್ತದೆ. ಕೋನ ಆಯ್ದುಕೊಳ್ಳುವುದರಲ್ಲೇ ಈ ಕೆಲಸದ ಅರ್ಧ ಜಾಣ್ಮೆ ಇದೆ.

ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುವ ಕೀವಿಗೆ ಎಂಆರ್‌ಐ ಬೇಡ ಎಂದೇ ನಾನು ಹೇಳುತ್ತೇನೆ. ಅದು ನಿಧಾನ, ಸಲಕರಣೆಯೂ ಬೇರೆ. ನಿಮ್ಮ ತಂಗಿಯ ವಿಷಯ ಹಾಗಲ್ಲ. ವಪೆಯ ಕಮಾನಿನಡಿಗೆ ನೇರವಾಗಿ ಚುಚ್ಚಿದರೆ ಶ್ವಾಸಕೋಶದ ಪೊರೆ ತೂತಾಗಿ ಸೋಂಕು ಎದೆಗೂ ಹರಡಬಹುದು. ಪಕ್ಕೆಯ ಕೆಳಗಿನಿಂದ ಓರೆಯಾಗಿ ಮೇಲಕ್ಕೆ ಹೋಗಬೇಕು. ಎಂಆರ್‌ಐ ಆ ಓರೆ ದಾರಿಯನ್ನು ಉದ್ದಕ್ಕೂ ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ದ್ರವ ಬೆಳ್ಳಗೆ ಹೊಳೆಯುವುದರಿಂದ, ಚಿತ್ರ ಎದ್ದು ಕಾಣಲು ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದಿಲ್ಲದೆಯೂ ಗುರಿ ಸಿಗುತ್ತದೆ. ಗರ್ಭಿಣಿಯರಿಗೆ ಆ ಚುಚ್ಚುಮದ್ದನ್ನು ಆದಷ್ಟು ತಪ್ಪಿಸುತ್ತೇವೆ. ಸಿ.ಟಿ. ಸ್ಕ್ಯಾನ್‌ನಲ್ಲಿ ತಾಗುವ ಎಕ್ಸ್-ರೇ ವಿಕಿರಣವೂ ಇಲ್ಲಿ ಮಗುವಿಗೆ ತಾಗುವುದಿಲ್ಲ.

ಉಸಿರಿನೊಂದಿಗೆ ಯಕೃತ್ತು ಮೇಲೆ ಕೆಳಗೆ ಸರಿಯುತ್ತದೆ. ಹಾಗಾಗಿ ಪ್ರತಿ ಸಲವೂ ಅದೇ ಹಂತದಲ್ಲಿ ಉಸಿರು ಹಿಡಿಯುವುದನ್ನು ತಂಗಿ ಮೊದಲೇ ಅಭ್ಯಾಸ ಮಾಡಿಕೊಳ್ಳಲಿ. ಯಂತ್ರದ ಸದ್ದು ಜೋರು, ಕಿವಿಗೆ ರಕ್ಷಣೆ ಕೊಡುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಸೂಜಿ ಹಾಕುತ್ತಾರೆ, ಮೊದಲ ಹನಿಗಳು ಕಲ್ಚರ್ ಪರೀಕ್ಷೆಗೆ (ಯಾವ ರೋಗಾಣು ಎಂದು ಬೆಳೆಸಿ ನೋಡುವ ಪರೀಕ್ಷೆ) ಹೋಗುತ್ತವೆ. ಬಳಿಕ ಸೂಜಿಯ ದಾರಿಯಲ್ಲೇ ತಂತಿ ತೂರಿಸಿ, ತುದಿ ಸುರುಳಿಯಾದ ಪಿಗ್‌ಟೇಲ್ ಕೊಳವೆ ಇಳಿಸುತ್ತಾರೆ. ಅದರ ದಪ್ಪ ಸುಮಾರು 3ರಿಂದ 4 ಮಿಲಿಮೀಟರ್. ಆ ತಂತಿಯ ಬಗ್ಗೆ ನಮಗೆ ವಿಶೇಷ ಎಚ್ಚರ: ಉದ್ದದ ಲೋಹದ ತಂತಿ ಸ್ಕ್ಯಾನ್ ನಡೆಯುವಾಗ ಆಂಟೆನಾದಂತೆ ಶಕ್ತಿ ಹೀರಿ ಬಿಸಿಯಾಗಿ ಸುಡಬಹುದು. ಎಂಆರ್‌ಐಗೆ ಹೊಂದುವ ತಂತಿಯನ್ನೇ ಬಳಸಬೇಕು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಮೈಯೊಳಗೆ ಪೇಸ್‌ಮೇಕರ್ ಅಥವಾ ಲೋಹದ ಕ್ಲಿಪ್ ಇದ್ದರೆ ಮೊದಲೇ ತಿಳಿಸಿ. ಚಳಿಜ್ವರ ಏರಿ ರಕ್ತದೊತ್ತಡ ಕುಸಿಯುತ್ತಿದ್ದರೆ ಎಂಆರ್‌ಐ ಬಿಡುವಾಗಲಿ ಎಂದು ಕಾಯಬೇಡಿ. ಆಗ ಬೇಗ ಸಿಗುವ ಮಾರ್ಗವೇ ಸರಿ. ಕೊಳವೆ ಕೆಲವು ದಿನ ಒಳಗಿರುತ್ತದೆ. ಕೀವು ಥಟ್ಟನೆ ನಿಂತು ಜ್ವರ ಮರಳಿದರೆ ಕೊಳವೆ ಕಟ್ಟಿಕೊಂಡಿರಬಹುದು, ಅಂದೇ ವೈದ್ಯರಿಗೆ ತೋರಿಸಿ.