ಪುಸ್ತಕ ಕಚ್ಚುವ ಮಗುವಿಗೆ ಪದ್ಯ ಓದುವುದು ಹೇಗೆ?

ಪ್ರಶ್ನೆ: ಮಗಳಿಗೆ 14 ತಿಂಗಳು. ಯಾವ ಪುಸ್ತಕ ಕೊಟ್ಟರೂ ಮೊದಲು ಬಾಯಿಗೆ, ಆಮೇಲೆ ಚೂರು ಚೂರು. ಇನ್ನೊಂದು ವರ್ಷ ಕಾಯುವುದೇ ಮೇಲಾ?
— ಒಬ್ಬ ತಾಯಿ, ಸುರತ್ಕಲ್

ಉತ್ತರ: ಕಾಯಬೇಡಿ. ಈ ವಯಸ್ಸಿಗೆ ಬಾಯಿಗಿಡುವುದೂ ನೋಡುವ ಒಂದು ಬಗೆ. ದಪ್ಪ ರಟ್ಟಿನ ಪುಸ್ತಕ ಎರಡೋ ಮೂರೋ ಕೈಗೆಟಕುವಲ್ಲಿಡಿ. ತೆಳು ಹಾಳೆಯವು ನಿಮ್ಮ ಕೈಯಲ್ಲೇ ಇರಲಿ. ಮಗು ಹರಿಯುವುದು ಹಟದಿಂದಲ್ಲ. ಒಂದೇ ಹಾಳೆಯನ್ನು ಬೆರಳತುದಿಯಲ್ಲಿ ಹಿಡಿಯಲು ಇನ್ನೂ ಬಾರದು, ಮುಷ್ಟಿ ಹಿಡಿದು ಎಳೆಯುತ್ತದೆ, ಅಷ್ಟೆ. ಹಾಳೆಯ ಮೂಲೆಯನ್ನು ಒಂದಿಂಚು ಎತ್ತಿ ಕೊಡಿ, ಉಳಿದದ್ದನ್ನು ಅದೇ ಮಗುಚುತ್ತದೆ. ಜೊಲ್ಲಿಗೆ ರಟ್ಟಿನ ಅಂಚು ಉಬ್ಬಿ ಪದರ ಬಿಟ್ಟರೆ ಫ್ಯಾನಿನಡಿ ಚೆನ್ನಾಗಿ ಒಣಗಿಸಿ, ಫೆವಿಕಾಲ್ ತೆಳುವಾಗಿ ಸವರಿ, ರಾತ್ರಿಯಿಡೀ ಭಾರದಡಿ ಇಡಿ. ಚೂರು ಕಿತ್ತು ಬರುವಂತಿದ್ದರೆ ಮಾತ್ರ ಮಗುವಿಗೆ ಎಟಕದಂತೆ ಮೇಲಿಡಿ, ಗಂಟಲಿಗೆ ಸಿಕ್ಕೀತು. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಓದಿದರೆ ಧಾರಾಳ.

ಪ್ರಶ್ನೆ: ನಾನು ಪದ್ಯ ಓದಿದರೆ ಪಾಠ ಒಪ್ಪಿಸಿದ ಹಾಗಿರುತ್ತದೆ. ರಾಗ ಬಾರದು. ಮೊಬೈಲಿನಲ್ಲಿ ಹಾಡು ಹಾಕಿದರೆ ಸಾಲದೇ? ಮಗನಿಗೆ ಎರಡೂವರೆ ವರ್ಷ.
— ಒಬ್ಬ ತಂದೆ, ಕಟಪಾಡಿ

ಉತ್ತರ: ರಾಗ ಬೇಕಿಲ್ಲ, ತಾಳ ಬೇಕು. ಕನ್ನಡದ ಶಿಶುಪದ್ಯಗಳಲ್ಲಿ ಬಹುಪಾಲು ನಾಲ್ಕು ಮಾತ್ರೆಯ ನಡೆಯವು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು; ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಈ ಅಂಕಣಕ್ಕೆಂದೇ ಹೊಸೆದ ಎರಡು ಸಾಲು ನೋಡಿ:

ತೋಟದ | ಕೆರೆಯಲಿ | ಕಪ್ಪೆಯ | ಕೂಗು
ಮಳೆಬರು | ತಿದೆ ನೀ | ಬೇಗನೆ | ಸಾಗು

ಸಾಲಿನ ಮೊದಲ ಅಕ್ಷರಕ್ಕೂ ಪ್ರತಿ ಗೆರೆಯ ನಂತರದ ಮೊದಲ ಅಕ್ಷರಕ್ಕೂ ತೊಡೆಯ ಮೇಲೊಂದು ತಟ್ಟು. ಕೊನೆಯ ‘ಕೂಗು’, ‘ಸಾಗು’ಗಳಲ್ಲಿ ಮೂರೇ ಮಾತ್ರೆ, ಬಾಯಿ ತಾನಾಗಿ ‘ಗೂ’ ಎಂದು ಎಳೆದು ನಾಲ್ಕು ಮಾಡುತ್ತದೆ. ಎರಡನೇ ಸಾಲಲ್ಲಿ ಗಮನಿಸಿ: ತಟ್ಟು ಬೀಳುವುದು ‘ಬರುತಿದೆ’ಯ ನಡುವೆ, ‘ತಿ’ ಮೇಲೆ. ದೊಡ್ಡವರು ಎಡವುವುದು ಇಲ್ಲೇ. ಅರ್ಥ ನೋಡಿ ‘ಮಳೆ ಬರುತಿದೆ’ ಎಂದು ನಿಲ್ಲುತ್ತಾರೆ, ಪದ್ಯ ಗದ್ಯವಾಗುತ್ತದೆ. ಶಬ್ದ ಒಡೆದರೆ ಒಡೆಯಲಿ, ತಟ್ಟು ತಪ್ಪಬಾರದು.

ಮೊಬೈಲಿನ ಹಾಡಿಗಿರುವ ದೋಷ ಒಂದೇ, ಅದು ಮಗುವಿಗಾಗಿ ಕಾಯುವುದಿಲ್ಲ. ನಾಲ್ಕೈದು ದಿನ ಅದೇ ಪದ್ಯ ಹೇಳಿ, ಆಮೇಲೆ ‘ಕಪ್ಪೆಯ...’ ಎಂದು ನಿಲ್ಲಿಸಿ ಮನಸ್ಸಿನಲ್ಲೇ ಐದು ಎಣಿಸಿ. ‘ಹೇಳು, ಹೇಳು’ ಅನ್ನಬೇಡಿ. ಬರೀ ‘ಗೂ’ ಬಂದರೂ ಅದು ಮಗನ ಪಾಲು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ (1874–1937) ‘ನಾಗರ ಹಾವೆ’ ಇದಕ್ಕೆ ಹೇಳಿ ಮಾಡಿಸಿದ್ದು: ‘ಬಾ ಬಾ’ ಎಂದು ಕರೆಯುವ ಕೆಲಸವನ್ನು ಪೂರ್ತಿ ಮಗುವಿಗೇ ಬಿಡಬಹುದು. ನಾಗನ ಕಲ್ಲಿಗೆ ಹಾಲಿನ ತನು ಎರೆಯುವ ಮನೆಯ ಮಗು ಮುಂದೊಂದು ದಿನ ‘ಹಾವು ಹಾಲು ಕುಡಿಯುತ್ತದಾ?’ ಎಂದು ಕೇಳಿಯೇ ಕೇಳುತ್ತದೆ. ಇಲ್ಲ, ಅದರ ಊಟ ಇಲಿ, ಕಪ್ಪೆ ಎಂದು ನಿಜ ಹೇಳಿ. ಆದರೆ ಹಾಡು ಮುಗಿದ ಮೇಲೆ.

ಪ್ರಶ್ನೆ: ಮನೆಮಾತು ತುಳು. ಪುಸ್ತಕದ ‘ಬಂದನು, ಹೋದನು’ ಮಗುವಿಗೆ ಗೊತ್ತಾಗುವುದಿಲ್ಲ. ಸಾಲು ಸಾಲಿಗೂ ತುಳುವಿನಲ್ಲಿ ಹೇಳಬೇಕಾ?
— ಪಡುಬಿದ್ರಿ

ಉತ್ತರ: ಸಾಲು ಸಾಲಿಗೂ ಬೇಡ, ಕತೆ ಕುಂಟುತ್ತದೆ. ಮೊದಲು ಬರೀ ಚಿತ್ರ ತೋರಿಸುತ್ತ ಇಡೀ ಕತೆ ತುಳುವಿನಲ್ಲಿ ಹೇಳಿ. ಅಜ್ಜಿಗೆ ಓದು ಬಾರದಿದ್ದರೂ ಈ ಕೆಲಸಕ್ಕೆ ಅವರೇ ಸರಿ. ಮರುದಿನ ಕನ್ನಡದಲ್ಲಿ ಇದ್ದದ್ದು ಇದ್ದ ಹಾಗೆ ಓದಿ. ‘ಬಂದನು’ವನ್ನು ‘ಬಂದ’ ಎಂದು ತಿದ್ದುವ ಅಗತ್ಯವಿಲ್ಲ, ಕತೆ ಗೊತ್ತಿದ್ದರೆ ಮಗು ದಾಟಿಕೊಳ್ಳುತ್ತದೆ. ಎರಡು ಭಾಷೆಯ ನೆಂಟಸ್ತನವೇ ಒಂದು ಆಟ: ಪಿಲಿ–ಹುಲಿ, ಪೂ–ಹೂ, ಪುರಿ–ಹುಳ, ಪಲ್ಲಿ–ಹಲ್ಲಿ. ತುಳುವಿನ ‘ಪ’ ಕನ್ನಡದಲ್ಲಿ ‘ಹ’ ಆಗುವುದನ್ನು ನಾಲ್ಕು ವರ್ಷದವರು ತಾವೇ ಹಿಡಿಯುತ್ತಾರೆ. ‘ಪೇರ್’ ಮಾತ್ರ ‘ಹೇರ್’ ಆಗದೆ ‘ಹಾಲು’ ಆದಾಗ ಬಿದ್ದು ಬಿದ್ದು ನಗುತ್ತಾರೆ.

ಪ್ರಶ್ನೆ: ದಿನಾ ರಾತ್ರಿ ಅದೇ ಪುಸ್ತಕ ಬೇಕು. ನನಗೆ ಸಾಕಾಗಿದೆ.
— ಮಣಿಪಾಲ

ಉತ್ತರ: ಅದನ್ನೇ ಓದಿ. ಮುಂದೇನೆಂದು ಗೊತ್ತಿರುವುದೇ ಮಗುವಿನ ಖುಷಿ. ನಿಮ್ಮ ಬೇಸರಕ್ಕೆ ಬೇಕಾದರೆ ಒಂದು ಶಬ್ದ ಬೇಕೆಂದೇ ತಪ್ಪು ಓದಿ, ಬೈಸಿಕೊಳ್ಳಿ.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ಪುಸ್ತಕಕ್ಕೆ ಬೂಷ್ಟು, ನಡುವಿನ ಪಿನ್ನಿಗೆ ತುಕ್ಕು. ಏನು ಮಾಡಲಿ?
— ಮಲ್ಪೆ

ಉತ್ತರ: ಗಾಳಿಯ ತೇವ ಶೇ. 70 ದಾಟಿ ಹಾಗೇ ನಿಂತರೆ ಬೂಷ್ಟು ಬರುತ್ತದೆ. ನಮ್ಮ ಮಳೆಗಾಲ ಪೂರ್ತಿ ಹಾಗೇ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಪುಸ್ತಕ ಒತ್ತೊತ್ತಾಗಿ ಜೋಡಿಸಬೇಡಿ. ಬೂಷ್ಟು ಕಂಡರೆ ಒದ್ದೆಬಟ್ಟೆ ಮುಟ್ಟಿಸದೆ ಮೊದಲು ಒಣಗಿಸಿ, ಮಗುವಿನಿಂದ ದೂರ, ಹೊರಗೆ ಹೋಗಿ ಮೆದು ಬ್ರಷ್‌ನಲ್ಲಿ ಝಾಡಿಸಿ. ನುಸಿಗುಳಿಗೆ ಬೇಡ: ಅದು ಹುಳಕ್ಕೆ, ಬೂಷ್ಟಿಗಲ್ಲ, ಮಗು ಪೆಪ್ಪರಮಿಂಟೆಂದು ಬಾಯಿಗಿಟ್ಟರೆ ವಿಷ.

ತುಕ್ಕು ಪಿನ್ನು ಕಿತ್ತು ನೂಲು ಹೊಲಿಗೆ ಹಾಕಿ. ಮಡಿಕೆಯ ಗೆರೆಯಲ್ಲಿ ಮೇಲೆ, ನಡುವೆ, ಕೆಳಗೆ ಮೂರು ತೂತು. ದಪ್ಪ ಹತ್ತಿ ನೂಲಿನ ಸೂಜಿ ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನದರಲ್ಲಿ ಒಳಗೆ, ಒಳಗಿಂದಲೇ ಇಳಿದು ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಈಗ ಎರಡೂ ತುದಿ ಒಳಗಿವೆ. ಒಳಗೆ ಮೇಲಿನಿಂದ ಕೆಳಗಿಳಿದ ಉದ್ದ ನೂಲು ಆ ತುದಿಗಳ ನಡುವೆ ಸಿಗುವಂತೆ ಗಂಟು ಹಾಕಿ. ಸೂಜಿ ತೂತುಗಳು ಸಾಲು ತಪ್ಪಿದರೆ ಹಾಳೆ ಹರಿಯುತ್ತದೆ, ಆದ್ದರಿಂದ ಎಲ್ಲ ಹಾಳೆ ಸೇರಿಸಿ ಒಂದೇ ಸಲ ಚುಚ್ಚಿ.