ಶಿರಸ್ತ್ರಾಣಕ್ಕೆ ಯಾವ ಸಾಮಗ್ರಿ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಚಾಲುಕ್ಯರ ಕಾಲದ ನಾಟಕವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಹತ್ತು ಮಕ್ಕಳಿಗೆ ಶಿರಸ್ತ್ರಾಣ ಮತ್ತು ಎದೆಕವಚ ಬೇಕು. ಥರ್ಮಾಕೋಲ್ ಸಾಕೆಂದು ಕೆಲವರು, ಫೈಬರ್‌ನಲ್ಲಿಯೇ ಮಾಡಿಸಿ ಎಂದು ಕೆಲವರು, ತಗಡಿನದು ಮಾತ್ರ ನಿಜವಾಗಿ ಕಾಣುತ್ತದೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನು ಆರಿಸಬೇಕು?
– ಒಬ್ಬ ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ತೊಡುವವರು ಮಕ್ಕಳು, ಅವರು ರಂಗದ ಮೇಲೆ ಓಡುತ್ತಾರೆ, ಬೀಳುತ್ತಾರೆ ಎಂಬುದನ್ನು ಮೊದಲು ಗಮನಿಸಿದರೆ ಮೂರು ಸಲಹೆಗಳೂ ಬಿದ್ದುಹೋಗುತ್ತವೆ. ತಗಡಿನ ಅಂಚು ಕತ್ತು ಕೊಯ್ಯಬಲ್ಲದು. ಥರ್ಮಾಕೋಲ್ ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಮೇಲಾಗಿ ಸ್ಪ್ರೇ ಬಣ್ಣ ತಗುಲಿದರೆ ಕರಗುತ್ತದೆ. ಫೈಬರ್, ಅಂದರೆ ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಮಾಡುವ ಸಾಮಗ್ರಿ, ಬಾಳಿಕೆ ಬರುವುದು ನಿಜ, ವರ್ಷವಿಡೀ ಪ್ರಯೋಗ ನೀಡುವ ತಂಡಕ್ಕೆ ಅದೇ ಸರಿ. ಆದರೆ ಅದರ ರಾಳದ ಘಾಟು ಮತ್ತು ಉಜ್ಜುವಾಗ ಏಳುವ ಗಾಜಿನ ದೂಳು ಶಾಲೆಯ ಕೊಠಡಿಗೆ ಸಲ್ಲುವಂಥವಲ್ಲ.

ನಿಮಗೆ ಒಪ್ಪುವುದು ಇವಿಎ ಫೋಮ್ ಶೀಟ್, ಅಂದರೆ ರಬ್ಬರಿನಂತೆ ಬಾಗುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆ. ಎದೆಕವಚಕ್ಕೆ 6 ಮಿ.ಮೀ., ಅಲಂಕಾರದ ಪಟ್ಟಿಗಳಿಗೆ 2 ಮಿ.ಮೀ. ದಪ್ಪದ್ದನ್ನು ಕೊಳ್ಳಿ. ಪ್ಯಾಕಿಂಗ್‌ಗೆ ಬಳಸುವ ಬಿಳಿಯ ಹಗುರ ಫೋಮ್ ನೋಡಲು ಇದರಂತೆಯೇ ಇದ್ದರೂ ಅದಕ್ಕೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು. ಅಂಗಡಿಯಲ್ಲಿ ಮೋಸಹೋಗುವುದು ಇಲ್ಲಿಯೇ. ಕತ್ತರಿಸಿದ ತುಂಡಿಗೆ ಹಾಟ್ ಏರ್ ಗನ್ನಿನ ಬಿಸಿಗಾಳಿ ತೋರಿಸಿ, ಮೆತ್ತಗಾದ ಕೂಡಲೇ ಬಾಗಿಸಿ ಆರುವವರೆಗೆ ಹಿಡಿದರೆ ಅದೇ ಆಕಾರ ಉಳಿಯುತ್ತದೆ. ಶಿರಸ್ತ್ರಾಣಕ್ಕೆ 3ನೇ ಅಳತೆಯ ಫುಟ್ಬಾಲ್ ಒಳ್ಳೆಯ ಅಚ್ಚು. ಅದರ ಸುತ್ತಳತೆ ಸುಮಾರು 60 ಸೆಂ.ಮೀ. ಇರುವುದರಿಂದ ಒಳಗೆ ಬಟ್ಟೆಯ ಪಟ್ಟಿ ಹೊಲಿದರೂ ಮಕ್ಕಳ ತಲೆಗೆ ಬಿಗಿಯಾಗದು. ಜೋಡಿಸಲು ಚಪ್ಪಲಿ ಅಂಗಡಿಯವರು ಬಳಸುವಂಥ ರಬ್ಬರ್ ಅಂಟನ್ನು ಎರಡೂ ಬದಿಗೆ ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಈ ಕೆಲಸ ಕಿಟಕಿ ತೆರೆದು ನಡೆಯಲಿ, ಬಿಸಿಗಾಳಿಯ ಯಂತ್ರ ದೊಡ್ಡವರ ಕೈಯಲ್ಲಿರಲಿ.

ಫೋಮ್ ಬಣ್ಣವನ್ನು ಹೀರಿಬಿಡುತ್ತದೆ. ಆದ್ದರಿಂದ ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಮೂರು ನಾಲ್ಕು ಸಲ, ಪ್ರತಿಸಲವೂ ಒಣಗಿಸಿ ಹಚ್ಚಿರಿ. ಬಳಿಕ ಕಪ್ಪು ಅಕ್ರಿಲಿಕ್ ಬಳಿದು, ಒಣ ಕುಂಚದಿಂದ ಉಬ್ಬುಗಳ ಮೇಲೆ ಮಾತ್ರ ಬೆಳ್ಳಿಬಣ್ಣ ತಿಕ್ಕಿರಿ. ಇಡೀ ಕವಚಕ್ಕೆ ಬೆಳ್ಳಿ ಬಳಿದರೆ ದೀಪದ ಬೆಳಕಿನಲ್ಲಿ ಅದು ಕಬ್ಬಿಣವಾಗಿ ಅಲ್ಲ, ಬೇಗಡೆಯಾಗಿ ಕಾಣುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಹತ್ತೂ ಮಕ್ಕಳಿಗೆ ಶಿರಸ್ತ್ರಾಣ ಬೇಕೇ? ನಮ್ಮ ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಯೋಧರು ಬರಿಯ ಮುಡಿ ಕಟ್ಟಿ, ಗುರಾಣಿ ಹಿಡಿದು ಹೋರಾಡುತ್ತಾರೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದಲ್ಲಿ ಅಂಥ ಕಲ್ಲುಗಳಿವೆ, ನಿಮಗೆ ದೂರವೂ ಅಲ್ಲ. ಕುಂಚದಂಥ ತುರಾಯಿಯುಳ್ಳ ರೋಮನ್ ಶಿರಸ್ತ್ರಾಣದ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನಕಲಿಸುವುದಕ್ಕಿಂತ ಅಲ್ಲಿನ ರೂಪಗಳನ್ನು ಗುರುತು ಹಾಕಿಕೊಂಡು ಬನ್ನಿ. ರಾಜನಿಗೂ ಇಬ್ಬರು ದಂಡನಾಯಕರಿಗೂ ಶಿರಸ್ತ್ರಾಣ ಮಾಡಿ, ಉಳಿದ ಫೋಮನ್ನು ಗುರಾಣಿಗಳಿಗೆ ಬಳಸಬಹುದು.